ಕಳೆ ಕೀಳುವ ಕೈಯ ಮೊಳ

“ಬುದ್ಧಿ, ಕಟ್ಟಳೆ ಪಾಲಿಸಲಾರದವರನ್ನು ಮಠದಿಂದ ಕಳುಹಿಸಿಬಿಡಲೇ?”

ಪಂಚಾಕ್ಷರಿ ಹೀಗೆ ಕೇಳಿದಾಗ ಗುರುಗಳು ಹಿತ್ತಲ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮಠದಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಬುದ್ಧಿ ಎಂದೇ ಕರೆಯುತ್ತಿದ್ದರು. ಪಂಚಾಕ್ಷರಿ ಅವರ ಶಿಷ್ಯರಲ್ಲೆಲ್ಲ ಶಿಸ್ತಿನವನು. ಮಠಕ್ಕೆ ಒಂದು ನಿತ್ಯದ ಕಟ್ಟಳೆ ಬರೆದುಕೊಡು ಎಂದು ಗುರುಗಳೇ ಅವನಿಗೆ ಹೇಳಿದ್ದರು. ಅವನು ಅಚ್ಚುಕಟ್ಟಾಗಿ ಬರೆದ. ಮಠದಲ್ಲಿ ಇರುವವರೆಲ್ಲ ನಸುಕಿನ ನಾಲ್ಕಕ್ಕೆ ಏಳಬೇಕು ಎಂಬುದು ಅದರ ಮೊದಲನೆಯ ಮಾತು. ತಿಂಗಳಾಯಿತು. ಇಪ್ಪತ್ತು ಮಂದಿಯಲ್ಲಿ ಆರು ಮಂದಿ ಏಳುತ್ತಿದ್ದರು, ಹದಿನಾಲ್ಕು ಮಂದಿ ಏಳುತ್ತಿರಲಿಲ್ಲ. ಅಡುಗೆಯ ಕೆಂಚಮ್ಮನೂ ಆ ಹದಿನಾಲ್ವರಲ್ಲಿ ಒಬ್ಬಳು.

“ಕಟ್ಟಳೆಯಲ್ಲಿ ತಪ್ಪಿಲ್ಲ, ಬುದ್ಧಿ. ನಾನು ಒಂದು ದಿನವೂ ಬಿಡದೆ ಪಾಲಿಸುತ್ತಿದ್ದೇನೆ. ನನ್ನಿಂದ ಆಗುವುದು ಅವರಿಂದ ಏಕಾಗಬಾರದು?”

“ನಿನ್ನಿಂದ ಆಗುತ್ತದೆ, ಅದು ನಿಜ,” ಎಂದರು ಗುರುಗಳು. “ಕುಳಿತುಕೋ. ಈ ಕಾಯಿ ಸುಲಿ. ಕೈಗೆ ಕೆಲಸ ಕೊಟ್ಟರೆ ನಿನ್ನ ಬಾಯಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಒಂದು ಕತೆ ಹೇಳುತ್ತೇನೆ.”

ಪಂಚಾಕ್ಷರಿ ಕುಳಿತ. ಗುರುಗಳು ಹೇಳಿದರು.

ಒಂದು ಊರಿನಲ್ಲಿ ತರಕಾರಿ ಬೆಳೆಯುವ ಒಬ್ಬ ರೈತನಿದ್ದ. ಅವನ ಹೆಸರು ನನಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಕತೆಗೆ ನಷ್ಟವೂ ಇಲ್ಲ. ಆಳು ಬಲು ಎತ್ತರ. ಬಾಗಿಲು ದಾಟುವಾಗ ಬಗ್ಗಿ ದಾಟುತ್ತಿದ್ದ, ಅಂಗಳದಲ್ಲಿ ನಿಂತೇ ಸೂರಿನ ಹೆಂಚು ಸರಿಮಾಡುತ್ತಿದ್ದ. ಮನೆಯಲ್ಲಿ ಹೆಂಡತಿ, ಮಗ, ಸೊಸೆ ಇದ್ದರು. ಸೊಸೆಯ ಹೆಸರು ಮಾತ್ರ ನನಗೆ ಗೊತ್ತು. ಅವಳು ದೊಡ್ಡತಾಯಿ. ಹೆಸರಿನಲ್ಲಷ್ಟೇ ದೊಡ್ಡವಳು. ನಿಂತರೆ ಅತ್ತೆಯ ಭುಜಕ್ಕೂ ಬರುತ್ತಿರಲಿಲ್ಲ.

ಆ ಊರಿನ ತರಕಾರಿಯವರಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲ ಹಿಡಿಯುವ ಮೊದಲು ಒಳ್ಳೆಯ ದಿನ ನೋಡಿ ಮಡಿ ಅಳೆಯುತ್ತಾರೆ. ಮಡಿ ಎಂದರೆ ಸಸಿ ನೆಡಲು ಹದಮಾಡಿದ ಮಣ್ಣಿನ ಹಾಸು. ಮನೆಯ ಯಜಮಾನ ಸ್ನಾನ ಮಾಡಿ ಬರುತ್ತಾನೆ. ಅವನ ಬಲಗೈಗೆ ಅರಿಶಿನದ ದಾರ ಕಟ್ಟುತ್ತಾರೆ. ಅವನು ನೆಲಕ್ಕೆ ಮೊಳಕೈ ಊರಿ, ಬೆರಳ ತುದಿಯವರೆಗೆ ಒಂದು ಮೊಳ, ಎರಡು ಮೊಳ ಎಂದು ಅಳೆಯುತ್ತ ಹೋಗುತ್ತಾನೆ. ಮಡಿಯ ಅಗಲ ನಾಲ್ಕು ಮೊಳ. ಮಗ ಹಿಂದಿನಿಂದ ಗೂಟ ಹೊಡೆಯುತ್ತಾನೆ. ಯಜಮಾನನ ಕೈಯಲ್ಲದೆ ಇನ್ನೊಂದು ಕೈ ನೆಲ ಅಳೆಯುವಂತಿಲ್ಲ. ಹೆಂಗಸರು ಬದುವಿನ ಮೇಲೆ ನಿಂತು ನೋಡುತ್ತಾರೆ. ಆಮೇಲೆ ಸಸಿ ನೆಡುವುದು, ಕಳೆ ಕೀಳುವುದು, ಕಾಯಿ ಬಿಡಿಸುವುದು ಎಲ್ಲ ಅವರ ಪಾಲು.

ರೈತನ ಹೊಲ ಊರ ಕೆರೆಯ ಹಿನ್ನೀರಿನ ಅಂಚಿನಲ್ಲಿತ್ತು. ಒಂದು ವರ್ಷ ಊರವರು ಸೇರಿ ಕೆರೆಯ ಏರಿಯನ್ನು ಎತ್ತರಿಸಿದರು. ಊರಿಗೆಲ್ಲ ನೀರಾಯಿತು, ಅವನ ಹೊಲ ನೀರೊಳಗಾಯಿತು. ಊರ ಪಟೇಲನೂ ಹಿರಿಯರೂ ಕೂತು ಮಾತಾಡಿದರು. ಹೊಲ ಕಳೆದುಕೊಂಡವನಿಗೆ ಏರಿಯ ಕೆಳಗಿನ ಜೌಗು ನೆಲವನ್ನು ಕೊಡುವುದೆಂದು ತೀರ್ಮಾನವಾಯಿತು. ಅಲ್ಲಿ ಅದುವರೆಗೆ ಜೊಂಡು ಬಿಟ್ಟು ಬೇರೇನೂ ಬೆಳೆದಿರಲಿಲ್ಲ.

ಕೊಡುವಾಗ ಪಟೇಲ ಒಂದು ಮಾತು ಕಟ್ಟಿದ. ಮೂರು ಮಳೆಗಾಲದ ಒಳಗೆ ನೆಲ ಬೆಳೆಗೆ ಬರಬೇಕು. ಬಂದಿತೆಂದು ತಿಳಿಯುವುದು ಹೇಗೆ? ಊರಿನಲ್ಲಿ ನಲವತ್ತೆರಡು ಮನೆ. ಹಿರಿಯರು ನೋಡಲು ಬಂದ ದಿನ ಮನೆಗೆ ಒಂದರಂತೆ ನಲವತ್ತೆರಡು ಮಂಕರಿ ತರಕಾರಿಯನ್ನು ಆ ನೆಲದಿಂದಲೇ ತುಂಬಿ ಕೊಡಬೇಕು. ಕೊಟ್ಟರೆ ನೆಲ ಮನೆತನಕ್ಕೆ. ಕೊಡಲಾಗದಿದ್ದರೆ ಊರ ದನಗಳ ಹುಲ್ಲುಗಾವಲಿಗೆ. ಆ ಮನೆಗೆ ಬೇರೆ ಒಂದು ಗೇಣು ನೆಲವೂ ಇರಲಿಲ್ಲ.

ಮೊದಲ ವರ್ಷ ರೈತ ಹಳೆಯ ಹೊಲದಲ್ಲಿ ಮಾಡಿದಂತೆಯೇ ನೆಲಮಟ್ಟದಲ್ಲಿ ಮಡಿ ಮಾಡಿದ. ಮಳೆ ಬಂತು. ಸಸಿಗಳು ಕೊರಳುದ್ದ ನೀರಿನಲ್ಲಿ ನಿಂತು ಕೊಳೆತವು. ಏಳು ಮಂಕರಿ ತುಂಬಿತು.

ರೈತ ದಡ್ಡನಲ್ಲ, ಅದನ್ನು ಹೇಳಲೇಬೇಕು. ಜೌಗಿನ ಒಂದು ಮೂಲೆಯಲ್ಲಿ ಹಳೆಯ ಹುತ್ತವೊಂದಿತ್ತು. ಅದರ ಮೇಲೆ ತಾನಾಗಿ ಹುಟ್ಟಿದ ಸೌತೆಬಳ್ಳಿ ಆ ಮಳೆಯಲ್ಲೂ ಹಸಿರಾಗಿತ್ತು. ಅವನು ಅದನ್ನು ಮೂರು ದಿನ ನೋಡಿದ. ನಾಲ್ಕನೆಯ ದಿನ ಮಗನಿಗೆ ಗುದ್ದಲಿ ಕೊಟ್ಟು, ಮಣ್ಣನ್ನು ಮೇಲಕ್ಕೆತ್ತಬೇಕು ಎಂದ. ಬೇಸಿಗೆ ಪೂರ್ತಿ ಅಪ್ಪ ಮಗ ಇಬ್ಬರೂ ಮಣ್ಣು ಅಗೆದರು. ಬೂದಿ, ಗೊಬ್ಬರ, ತರಗು ಬೆರೆಸಿ ಮಂಡಿಯೆತ್ತರಕ್ಕೆ ಒಟ್ಟಿದರು. ಹೀಗೆ ಆ ಊರಿನಲ್ಲಿ ಮೊದಲ ಸಲ ಏರುಮಡಿ ಆಯಿತು.

ಅಳತೆ ಮಾತ್ರ ಬದಲಾಗಲಿಲ್ಲ. ಅಗಲ ಯಜಮಾನನ ಕೈಯ ನಾಲ್ಕು ಮೊಳ. ಉದ್ದ ಈ ಬದುವಿನಿಂದ ಆ ಬದುವಿನವರೆಗೆ ಒಂದೇ ಸಮ. ಎರಡು ಮಡಿಗಳ ನಡುವೆ ಓಡಾಡಲು ಒಂದು ಗೇಣಿನ ದಾರಿ. ಇರುವ ನೆಲವೇ ಇಷ್ಟು, ಅದರಲ್ಲಿ ದಾರಿಗೆ ಸುರಿಯುವುದೆಷ್ಟು ಎಂಬುದು ಅವನ ವಾದ. ಅತಿ ಆಸೆ ಗತಿ ಕೇಡು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಅದು ಯಾವಾಗಲೂ ಪಕ್ಕದ ಮನೆಯವನಿಗೆ ಹೇಳಿದ್ದೆಂದು ನಾವು ತಿಳಿದಿರುತ್ತೇವೆ.

ಎರಡನೆಯ ವರ್ಷ ಸಸಿಗಳು ಚೆನ್ನಾಗಿ ಹಿಡಿದವು. ನೀರು ಬೇರಿಗೆ ಮುಟ್ಟಲಿಲ್ಲ. ರೈತ ಹಿಗ್ಗಿದ. ಆದರೆ ಜೌಗಿನ ಮಣ್ಣಿನಲ್ಲಿ ಸಸಿಗಿಂತ ಜೇಕು ಹುಲ್ಲು ಬೇಗ ಏಳುತ್ತದೆ. ವಾರಕ್ಕೊಮ್ಮೆ ಕೀಳದಿದ್ದರೆ ಸಸಿಯನ್ನು ನುಂಗುತ್ತದೆ. ಅತ್ತೆಗೆ ಮಂಡಿನೋವು, ಅವಳು ನೀರು ಹೊರುವಳು, ಬಗ್ಗಲಾರಳು. ಕಳೆ ಕೀಳುವವಳು ದೊಡ್ಡತಾಯಿ ಒಬ್ಬಳೇ. ಅವಳ ಕೈ ಮಡಿಯ ಅಂಚಿನ ಕಳೆಗೆ ಸಿಗುತ್ತಿತ್ತು, ನಡುವಿನ ಕಳೆಗೆ ಸಿಗುತ್ತಿರಲಿಲ್ಲ. ಹಳೆಯ ಹೊಲದಲ್ಲಾದರೆ ಮಡಿಯೊಳಗೆ ಇಳಿದು ಕೂತು ಕಳೆ ಕೀಳುತ್ತಿದ್ದಳು. ಅದು ಗಟ್ಟಿ ನೆಲ, ಅಲ್ಲಿ ಕಾಲಿಟ್ಟರೆ ಕೇಡಿರಲಿಲ್ಲ. ಇಲ್ಲಿಯೂ ಹಾಗೆಯೇ ಮಡಿ ಹತ್ತಿದಳು. ಎತ್ತಿ ಒಟ್ಟಿದ ಮಣ್ಣು ಕಾಲಿನಡಿ ಕುಸಿಯಿತು. ಹೆಜ್ಜೆಯ ಗುಳಿಯಲ್ಲಿ ನೀರು ನಿಂತಿತು. ಸುತ್ತಲಿನ ಬೇರು ಕೊಳೆಯಿತು. ಹತ್ತಿದರೆ ಬೇರು ಸಾಯುತ್ತದೆ, ಹತ್ತದಿದ್ದರೆ ಕಳೆ ತಿನ್ನುತ್ತದೆ. ಅವಳು ಎರಡೂ ಮಾಡಿ ನೋಡಿದಳು. ಎರಡರಲ್ಲೂ ನಡುವಿನ ಸಾಲು ಹೋಯಿತು.

ಹಿರಿಯರು ಬಂದ ದಿನ ಹತ್ತೊಂಬತ್ತು ಮಂಕರಿ ತುಂಬಿತು. ಪಟೇಲ ಏರಿಯ ಮೇಲೆ ನಿಂತು ಮಡಿಗಳನ್ನು ನೋಡಿದ.

“ಸೆರಗಿಗೆ ಜರಿ ಹಾಕ್ಸಿ ಒಡಲೆಲ್ಲ ಹರಿದಿರೋ ಸೀರೆ ಇದ್ದಂಗೈತಲ್ಲಪ್ಪ ನಿನ್ನ ತೋಟ,” ಎಂದ. “ಇನ್ನೊಂದು ಮಳೆಗಾಲ ಐತೆ. ನೋಡು.”

ಜನ ನಕ್ಕರು. ರೈತನಿಗೆ ಅವಮಾನವಾಯಿತು. ಮನೆಗೆ ಬಂದು ಕೂಗಾಡಿದ. ಆ ಕಾಲದಲ್ಲಿ ಮಾವ ಸೊಸೆಯೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ, ಸೊಸೆಯೂ ಮಾವನೊಂದಿಗೆ ಮಾತಾಡುತ್ತಿರಲಿಲ್ಲ. ಮೂವರೂ ಒಂದೇ ಪಡಸಾಲೆಯಲ್ಲಿದ್ದರೂ ಮಾತು ಅತ್ತೆಯ ಮೂಲಕವೇ ಹೋಗಬೇಕು, ಅತ್ತೆಯ ಮೂಲಕವೇ ಬರಬೇಕು. ನಗಬೇಡ, ನಿನ್ನ ಅಜ್ಜಿಯ ಮನೆಯಲ್ಲೂ ಹಾಗೆಯೇ ಇದ್ದಿರಬೇಕು.

“ನಿನ್ನ ಸೊಸೆಗೆ ಕೇಳು,” ಎಂದ ರೈತ ಹೆಂಡತಿಗೆ, “ಕಳೆ ಕೀಳಾಕೆ ಹೇಳಿದ್ರೆ ಮಡಿ ತುಳ್ದವ್ಳಲ್ಲ, ಯಾಕಂತೆ?”

“ಕೈ ಸಿಗಾಕಿಲ್ಲ ಅಂತ ಹೇಳಿ ಅತ್ತೆಮ್ಮ,” ಎಂದಳು ದೊಡ್ಡತಾಯಿ ಬಾಗಿಲ ಮರೆಯಿಂದ. “ಮಡಿ ಬಲು ಅಗಲ.”

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಮ್ಮಪ್ಪನ ಕಾಲದಿಂದ ನಾಕು ಮೊಳ. ಈಗ ಇವಳಿಗೆ ಅಗಲ ಆತಂತೆ.”

ಮಾತು ಮುಗಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಎದುರು ನಾಲ್ಕನೆಯ ಕಾಲು ತೋರಿಸುವುದು ಯಾರಿಗೂ ಸುಲಭವಲ್ಲ. ಆದರೆ ದೊಡ್ಡತಾಯಿ ಅಳುತ್ತ ಕೂರುವ ಹೆಣ್ಣಲ್ಲ. ನಾಲ್ಕು ದಿನ ಬಿಟ್ಟು, ಮಾವ ಊಟ ಮಾಡಿ ತಂಬಿಗೆಯ ನೀರು ಕುಡಿಯುವ ಹೊತ್ತು ನೋಡಿ, ಮತ್ತೆ ಬಾಗಿಲ ಮರೆಗೆ ಬಂದಳು.

“ಅತ್ತೆಮ್ಮ, ನಂಗೆ ಕಳೆ ಕೀಳೋದು ಬರಾಕಿಲ್ಲ ಅಂತ ಮಾವಯ್ಯ ಅಂದ್ರಲ್ಲ. ಒಂದ್ ದಿನ ಅವರೇ ಬಂದು ಕಿತ್ತು ತೋರ್ಸಾಕೆ ಹೇಳಿ. ನೋಡಿ ಕಲ್ತ್ಕತೀನಿ.”

ಕೆಣಕುವ ಮಾತು. ಆದರೆ ವಿನಯದ ಸೀರೆ ಉಟ್ಟು ಬಂದಿತ್ತು, ಬೈಯಲು ಜಾಗವಿರಲಿಲ್ಲ. ರೈತ ಒಪ್ಪಿದ.

ಮರುದಿನ ಬೆಳಿಗ್ಗೆ ಜೌಗಿನ ಮಡಿಗಳ ಮೇಲೆ ಕಳೆ ಎದೆಯುಬ್ಬಿಸಿ ನಿಂತಿತ್ತು. ರೈತ ದಾರಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಕೈ ಚಾಚಿದ. ಮಡಿಯ ನಟ್ಟನಡುವಿನ ಜೇಕನ್ನು ಬೇರು ಸಮೇತ ಎಳೆದು ಹಾಕಿದ.

“ತೋರ್ಸು ನಿನ್ನ ಸೊಸೆಗೆ,” ಎಂದ ಹೆಂಡತಿಗೆ. “ಕೈ ಸಿಗಾಕಿಲ್ವಂತೆ.”

ಅವನ ಕೈಗೆ ನಿಜಕ್ಕೂ ಸಿಗುತ್ತಿತ್ತು, ಪಂಚಾಕ್ಷರಿ. ಅಲ್ಲೇ ಇರುವುದು ತೊಡಕು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕೈಗೆ ನಾಲ್ಕು ಮೊಳದ ಮಡಿ ಹೇಳಿ ಮಾಡಿಸಿದ ಹಾಗಿತ್ತು. ಅವನು ಕಿತ್ತ, ಇನ್ನೂ ಕಿತ್ತ. ಆಚೆ ಬದಿಯ ದಾರಿಯಲ್ಲಿ ಕೂತು ಸೊಸೆಯೂ ಕೀಳುತ್ತಿದ್ದಳು. ಹೊತ್ತು ನೆತ್ತಿಗೆ ಬರುವ ವೇಳೆಗೆ ರೈತನ ಸೊಂಟ ಹಿಡಿಯಿತು. ಎದ್ದು ಪಕ್ಕಕ್ಕೆ ಸರಿಯೋಣವೆಂದು ಕಾಲೆತ್ತಿದ. ದಾರಿ ಒಂದು ಗೇಣು, ಅವನ ಪಾದ ಒಂದು ಗೇಣಿಗಿಂತ ಮೇಲೆ. ಜಾರಿ, ಕೆಸರಿನಲ್ಲಿ ಕೂತುಬಿಟ್ಟ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಎಷ್ಟು ಒತ್ತಿದರೂ ನಗು ಹೊರಗೆ ಬಂತು. ರೈತನಿಗೆ ಕೋಪ ಬಂತು, ಆದರೆ ಏಳಲಾಗಲಿಲ್ಲ. ಕೆಸರಿನಲ್ಲಿ ಕೂತೇ ಮಡಿಯ ಆಚೆ ನೋಡಿದ.

ಆಚೆ ದೊಡ್ಡತಾಯಿ ನಡುವಿನ ಒಂದು ಕಳೆಗೆ ಕೈ ಚಾಚಿದ್ದಳು. ಎದೆಯನ್ನು ಮಡಿಯ ಅಂಚಿಗೆ ಒತ್ತಿ, ಕೆನ್ನೆ ಮಣ್ಣಿಗೆ ತಾಗುವಷ್ಟು ಬಗ್ಗಿ ಚಾಚಿದ್ದಳು. ಬೆರಳುಗಳು ಕಳೆಗಿಂತ ಒಂದೂವರೆ ಗೇಣು ಹಿಂದೆಯೇ ಬರಿಗಾಳಿಯನ್ನು ಹಿಡಿದವು. ಅವಳು ಕೈ ಹಿಂದಕ್ಕೆ ತೆಗೆದಳು. ಎದ್ದು, ಒಂದು ಕಾಲೆತ್ತಿದಳು. ಎಲ್ಲಿಟ್ಟರೆ ಕಡಿಮೆ ಕೇಡು ಎಂದು ಹುಡುಕಿದಳು. ಎರಡು ಬೇರುಗಳ ನಡುವೆ, ಹೆಬ್ಬೆರಳ ಮೇಲೆ ಭಾರ ಹಾಕಿ ಮೆಲ್ಲಗೆ ಊರಿದಳು. ಮಣ್ಣು ಕುಸಿಯಿತು.

ಆ ವರ್ಷವೆಲ್ಲ ರೈತ ಅವಳ ಹೆಜ್ಜೆಯ ಗುಳಿ ನೋಡಿ ಬೈದಿದ್ದ. ಆ ಹೆಜ್ಜೆ ಇಡುವ ಮೊದಲು ಅವಳು ಪಡುವ ಪಾಡನ್ನು ಅವನು ನೋಡಿದ್ದು ಅದೇ ಮೊದಲು.

ಅವನು ಎದ್ದು, ಕಾಲು ತೊಳೆದುಕೊಂಡು ಮನೆಗೆ ಹೋದ. ಅಂದು ಯಾರೊಂದಿಗೂ ಮಾತಾಡಲಿಲ್ಲ. ನಾಚಿಕೆ ಎಂಬುದು ಒಳ್ಳೆಯವರ ಬಾಯಿಯನ್ನು ಮುಚ್ಚಿಸುತ್ತದೆ. ಅವನು ಒಳ್ಳೆಯವನೇ.

ಮೂರನೆಯ ವರ್ಷದ ಮಡಿ ಅಳೆಯುವ ದಿನ ಬಂತು. ಇದು ಕಡೆಯ ಅವಕಾಶವೆಂದು ಊರಿಗೆಲ್ಲ ಗೊತ್ತಿತ್ತು, ಆದ್ದರಿಂದ ನೋಡಲು ಜನ ಬಂದಿದ್ದರು. ಪಟೇಲನೂ ಬಂದಿದ್ದ. ರೈತ ಸ್ನಾನ ಮಾಡಿ ಬಂದ. ಹೆಂಡತಿ ಅರಿಶಿನದ ದಾರ ಹಿಡಿದು ನಿಂತಳು. ಅವನು ಕೈ ಚಾಚಲಿಲ್ಲ. ದಾರವನ್ನು ಅವಳ ಕೈಯಿಂದ ತೆಗೆದುಕೊಂಡು ಬದುವಿನ ಕಡೆಗೆ ನಡೆದ. ಹೆಂಗಸರ ಗುಂಪಿನ ಎದುರು ನಿಂತ.

“ಬಾ ತಾಯಿ, ಕೈ ನೀಡು,” ಎಂದ.

ಮದುವೆಯಾಗಿ ಬಂದು ಆರು ವರ್ಷವಾಗಿತ್ತು. ಮಾವ ತನ್ನನ್ನೇ ನೋಡಿ ಆಡಿದ ಮೊದಲ ಮಾತು ಅದು. ದೊಡ್ಡತಾಯಿಯ ಕಣ್ಣು ತುಂಬಿತು. ಅತ್ತೆ ಹಿಂದಿನಿಂದ ಬೆನ್ನಿಗೆ ತಿವಿದಳು. ಅವಳು ಕೈ ನೀಡಿದಳು. ಅವನು ದಾರ ಕಟ್ಟಿದ.

ಜನ ಗುಜುಗುಜು ಮಾಡಿದರು. ಪಟೇಲ ಮುಂದೆ ಬಂದ.

“ಏನಪ್ಪ ಇದು? ಅಳೆಯೋ ಕೈ ಯಜಮಾನಂದಾಗ್ಬೇಕು ಅನ್ನೋದು ಹಿಂದಿಂದ ಬಂದದ್ದು. ಈ ಮನೆ ಯಜಮಾನ ನೀನೋ ಅವಳೋ?”

“ಮನೆಗೆ ನಾನೇ, ಗೌಡ್ರೆ,” ಎಂದ ರೈತ. “ಮಡಿ ಮೇಲೆ ವರ್ಷವೆಲ್ಲ ಕೈಯಾಡ್ಸೋಳು ಅವಳು. ಮಡಿಗೆ ಅವಳೇ ಯಜಮಾನಿ.”

ಪಟೇಲ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ದೊಡ್ಡತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಇಳಿದಳು.

ಅವಳು ಮೊಳ ಎಣಿಸಲಿಲ್ಲ. ದಾರಿ ಬರುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒತ್ತಾಯವಿಲ್ಲದೆ ಕೈ ಎಷ್ಟು ಮುಂದೆ ಹೋಗುತ್ತದೆ ಎಂದು ನೋಡಿದಳು. ಬೆರಳು ಮುಚ್ಚಿ ಒಂದು ಹುಲ್ಲೆಳೆ ಕಿತ್ತಳು. ಕಿತ್ತ ಜಾಗದಲ್ಲಿ ಒಂದು ಕಡ್ಡಿ ನೆಟ್ಟಳು. ಅದು ಮಡಿಯ ನಡು. ಆಚೆ ಬದಿಗೂ ಅಷ್ಟೇ ಅಗಲ ಬಿಟ್ಟು ಗೂಟ ಹೊಡೆಸಿದಳು. ಮಾವನ ಲೆಕ್ಕದಲ್ಲಿ ಅದು ಎರಡೂವರೆ ಮೊಳವಾಯಿತು.

ಆಮೇಲೆ ದಾರಿ. ಮಂಕರಿಯನ್ನು ಸೊಂಟಕ್ಕೇರಿಸಿ ನಡೆದಳು. ಮಂಕರಿ ಎರಡು ಪಕ್ಕದ ಗಿಡಕ್ಕೆ ತಗುಲದಂತೆ ಎಷ್ಟು ಅಗಲ ಬೇಕೋ ಅಷ್ಟಗಲ ದಾರಿ ಬಿಡಿಸಿದಳು.

ಉದ್ದವನ್ನು ಅವಳು ಅಳೆದ ರೀತಿ ನನಗೆ ಬಹಳ ಇಷ್ಟ. ಮಡಿ ಉದ್ದವಾದರೆ ಆಚೆ ಬದಿಗೆ ಸುತ್ತಿ ಹೋಗಲು ಬೇಸರ. ಬೇಸರವಾದವರು ಮಡಿಯನ್ನೇ ದಾಟುತ್ತಾರೆ, ದಾಟುವಾಗ ತುಳಿಯುತ್ತಾರೆ. ಅವಳು ಅತ್ತೆಯ ಸೊಂಟಕ್ಕೆ ತುಂಬಿದ ಕೊಡ ಏರಿಸಿ, ಗೂಟದ ಗುಂಟ ನಡೆಯಿರಿ ಎಂದಳು. ಅತ್ತೆ ಮಂಡಿ ಹಿಡಿದುಕೊಂಡು ನಡೆದಳು. ಹದಿನಾಲ್ಕು ಹೆಜ್ಜೆಗೆ ಮಡಿಯ ಕಡೆ ಕಣ್ಣು ಹಾಯಿಸಿದಳು. ಇಲ್ಲೇ ದಾಟಿಬಿಡಲೇ ಎಂಬ ನೋಟ ಅದು. ದೊಡ್ಡತಾಯಿ ಅಲ್ಲೇ ಗೂಟ ಹೊಡೆಸಿದಳು. ಉದ್ದದ ಮಡಿ ತುಂಡು ತುಂಡಾಯಿತು, ತುಂಡುಗಳ ನಡುವೆ ಅಡ್ಡದಾರಿ ಬಂತು.

“ನನ್ನ ಮಂಡಿನೋವು ಒಂದು ಉಪಯೋಗಕ್ಕೆ ಬಂತಲ್ಲವ್ವ,” ಎಂದಳು ಅತ್ತೆ.

ಅಪ್ಪ ಮಗ ಆ ಗೂಟಗಳ ಅಳತೆಗೆ ಮತ್ತೆ ಮಣ್ಣು ಎತ್ತಿ ಒಟ್ಟಿದರು. ಸಸಿ ನೆಡುವಾಗಲೂ ದೊಡ್ಡತಾಯಿಗೆ ಅವಸರವಿರಲಿಲ್ಲ. ಬದನೆಯ ಎರಡು ಸಸಿಗಳ ನಡುವೆ ಒಂದು ಮೊರ ಇಟ್ಟು ನೋಡಿ ನೆಟ್ಟಳು. ಸಸಿ ಈಗ ಬೆರಳುದ್ದ ಇರಬಹುದು, ನಾಳೆ ಅದು ಬೆಳೆದು ಕೈ ಚಾಚಬೇಡವೇ ಎಂಬುದು ಅವಳ ಮಾತು. ಮೂಲಂಗಿಗೆ ನಾಲ್ಕು ಬೆರಳು ಬಿಟ್ಟಳು, ದಂಟಿಗೆ ಒಂದು ಗೇಣು ಬಿಟ್ಟಳು.

ಕೆಲಸ ಮುಗಿದಾಗ ಹತ್ತು ಪಾಲಿನಲ್ಲಿ ಮೂರು ಪಾಲು ನೆಲ ದಾರಿಯಾಗಿತ್ತು. ಊರವರು ಏರಿಯ ಮೇಲೆ ನಿಂತು ಆಡಿಕೊಂಡರು. ತರಕಾರಿ ಬೆಳೆಯಲು ನೆಲ ಕೊಟ್ಟರೆ ಇವರು ದಾರಿ ಬೆಳೆಯುತ್ತಿದ್ದಾರೆ ಎಂದರು. ಮೆರವಣಿಗೆ ಯಾವಾಗ ಎಂದು ಕೇಳಿದರು. ರೈತನೂ ಆ ಬರಿದಾರಿಗಳನ್ನು ನೋಡಿದಾಗಲೆಲ್ಲ ಅಲ್ಲಿ ಎಷ್ಟು ಸಸಿ ಹಿಡಿಯುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದ. ನೆಲ ಹೋದರೆ ಮನೆಯವರೆಲ್ಲ ಕೂಲಿಗೆ ನಿಲ್ಲಬೇಕು. ಆದರೂ ಅವನು ಒಂದು ಗೂಟವನ್ನೂ ಸರಿಸಲಿಲ್ಲ. ಕಟ್ಟಿದ ದಾರವನ್ನು ಬಿಚ್ಚುವುದು ಅವನ ಜಾಯಮಾನವಲ್ಲ.

ಮಳೆ ಹಿಡಿಯಿತು. ಆ ವರ್ಷ ಹಿಡಿದ ಮಳೆ ಒಂಬತ್ತು ದಿನ ಬಿಡಲಿಲ್ಲ. ಕೆರೆ ಕೋಡಿ ಬಿತ್ತು. ಹತ್ತನೆಯ ದಿನ ರೈತ ಓಡಿಹೋಗಿ ನೋಡಿದ. ಜೌಗೆಲ್ಲ ನೀರು. ನೀರಿನ ನಡುವೆ ಮಡಿಗಳು, ಕೆರೆಗಿಳಿದ ಎಮ್ಮೆಗಳು ಬೆನ್ನು ತೋರಿಸುವಂತೆ, ಸಾಲಾಗಿ ತಲೆಯೆತ್ತಿ ನಿಂತಿದ್ದವು. ಒಂದು ಸಸಿಯೂ ಮುಳುಗಿರಲಿಲ್ಲ. ಹಿಂದಿನ ವರ್ಷ ಗೇಣಗಲದ ದಾರಿಯಲ್ಲಿ ಮಣ್ಣು ಕಟ್ಟಿ ನಿಂತಿದ್ದ ನೀರು ಈ ವರ್ಷ ಅಗಲ ದಾರಿ ಹಿಡಿದು ಸರಸರನೆ ಕೆಳಗಿನ ಹಳ್ಳಕ್ಕೆ ಹೋಯಿತು. ಎರಡೇ ದಿನಕ್ಕೆ ದಾರಿಯಲ್ಲಿ ಕಾಲಿಡುವಂತಾಯಿತು.

ಅಂದಿನಿಂದ ದೊಡ್ಡತಾಯಿ ದಿನಕ್ಕೆ ಮೂರು ಮಡಿಯಂತೆ ಕಳೆ ಕಿತ್ತಳು. ಈ ಬದಿಯಿಂದ ನಡುವಿನವರೆಗೆ, ಆ ಬದಿಯಿಂದ ನಡುವಿನವರೆಗೆ. ಆ ಮಳೆಗಾಲ ಪೂರ್ತಿ ಒಂದು ಮಡಿಯ ಮೇಲೂ ಮನುಷ್ಯರ ಹೆಜ್ಜೆ ಬೀಳಲಿಲ್ಲ. ತುಳಿಯದ ಮಣ್ಣು ಹೇಗಿರುತ್ತದೆ ಎಂದು ರೈತ ಒಂದು ದಿನ ಬೆರಳಿಟ್ಟು ನೋಡಿದ. ಕೈ ಮಣಿಕಟ್ಟಿನವರೆಗೆ ಇಳಿಯಿತು.

ಹಿರಿಯರು ನೋಡಲು ಬರುವ ದಿನ ಊರಿಗೆ ಊರೇ ಏರಿಯ ಮೇಲೆ ಸೇರಿತು. ನಲವತ್ತೆರಡು ಮನೆಯ ನಲವತ್ತೆರಡು ಬರಿ ಮಂಕರಿಗಳನ್ನು ತಂದು ಸಾಲಾಗಿ ಇಟ್ಟರು. ಪಟೇಲ ಕೈ ಕಟ್ಟಿ ನಿಂತ.

ದೊಡ್ಡತಾಯಿ ಮೊದಲ ಮಂಕರಿಯನ್ನು ಸೊಂಟಕ್ಕೇರಿಸಿ ದಾರಿಗೆ ಇಳಿದಳು. ಬದನೆ, ದಂಟು, ಮೂಲಂಗಿ ತುಂಬಿ ತಂದಳು. ಏಳಾಯಿತು. ಅದು ಮೊದಲ ವರ್ಷದ ಲೆಕ್ಕ. ಹತ್ತೊಂಬತ್ತಾಯಿತು. ಅದು ಎರಡನೆಯ ವರ್ಷದ್ದು. ಅಲ್ಲಿಗೆ ಏರಿಯ ಬದಿಯ ಮಡಿಗಳ ಅಂಚಿನ ಸಾಲು ಮುಗಿದಿತ್ತು. ಪಟೇಲ ಕತ್ತು ಮುಂದೆ ಮಾಡಿದ. ದೊಡ್ಡತಾಯಿ ನಿಲ್ಲಲಿಲ್ಲ, ಮಡಿಯ ನಡುವಿಗೆ ಕೈ ಹಾಕಿದಳು. ಅಂಚಿನ ಬದನೆಗಿಂತ ನಡುವಿನ ಬದನೆ ಮೈತುಂಬಿಕೊಂಡಿತ್ತು. ಇಪ್ಪತ್ತೈದು ಆಯಿತು, ಮೂವತ್ತಾಯಿತು. ಏರಿಯ ಮೇಲೆ ನಿಂತ ಹೆಂಗಸರಿಗೆ ಸುಮ್ಮನಿರಲಾಗಲಿಲ್ಲ. ಒಬ್ಬೊಬ್ಬಳೇ ತನ್ನ ಮಂಕರಿ ಎತ್ತಿಕೊಂಡು ಕೆಳಗಿಳಿದಳು. ಆಡಿಕೊಂಡಿದ್ದವರೂ ಇಳಿದರು. ಆ ದಾರಿಗಳಲ್ಲಿ ಸೊಂಟದ ಮೇಲೆ ಮಂಕರಿ ಹೊತ್ತವರು ಯಾರಿಗೂ ಏನೂ ತಗಲಿಸದೆ ಸಾಲಾಗಿ ನಡೆದರು. ನಲವತ್ತಾಯಿತು, ನಲವತ್ತೊಂದಾಯಿತು.

ನಲವತ್ತೆರಡನೆಯದು ಪಟೇಲನ ಮನೆಯ ಮಂಕರಿ. ಅದನ್ನು ಅವನ ಹೆಂಡತಿ ತುಂಬಿಕೊಂಡು ಏರಿ ಹತ್ತಿದಳು. ಪಟೇಲ ಮಂಕರಿ ನೋಡಲಿಲ್ಲ, ಮಡಿಗಳ ಕಡೆ ನೋಡಿದ. ಇನ್ನೂ ಅರ್ಧ ತೋಟ ಮುಟ್ಟದೆ ಹಸಿರಾಗಿ ನಿಂತಿತ್ತು. ಅವನು ಚಪ್ಪಲಿ ಬಿಟ್ಟು ಕೆಳಗಿಳಿದ. ಒಂದು ಮಡಿಯ ಪಕ್ಕ ಕೂತು, ಮಣ್ಣು ತುಳಿಯದೆ ನಡುವಿನ ಒಂದು ಮೂಲಂಗಿ ಎಳೆದ. ಮಣ್ಣು ಒರೆಸಿ ಅಲ್ಲೇ ಕಚ್ಚಿದ.

“ನೆಲ ನಿಮ್ಮದು,” ಎಂದ. “ನಿಮ್ಮ ಮಕ್ಕಳ ಕಾಲಕ್ಕೂ ನಿಮ್ಮದೇ.”

ರೈತ ಮುಂದೆ ಬಂದು ಕೈ ಮುಗಿದ. ಆಮೇಲೆ ಜನರ ಕಡೆ ತಿರುಗಿದ. ಮೂರು ವರ್ಷದ ಕೆಳಗೆ ಹೊಲ ಮುಳುಗಿದಾಗಲೂ ಅಳದವನು ಅಂದು ಅಳುತ್ತಿದ್ದ.

“ನನ್ನ ಸೊಸೆ ಗೆದ್ದ ನೆಲ ಇದು,” ಎಂದ. “ಅವಳಿಗೆ ಕುಣಿಯಾಕೆ ಬರಾಕಿಲ್ಲ ಅಂದಿದ್ದೆ. ನೆಲ ಡೊಂಕು ಮಾಡಿದ್ದೋನು ನಾನೇ.”

ಹೆಂಗಸರು ದೊಡ್ಡತಾಯಿಯನ್ನು ಸುತ್ತುವರಿದರು. ಯಾರೋ ತಮ್ಮ ತಲೆಯ ಹೂ ತೆಗೆದು ಅವಳಿಗೆ ಮುಡಿಸಿದರು. ಅತ್ತೆ ಮಂಡಿನೋವು ಮರೆತು ಎರಡು ಸಲ ಏರಿ ಹತ್ತಿ ಇಳಿದಳು. ಆ ದಿನ ನಲವತ್ತೆರಡು ಮನೆಯಲ್ಲೂ ಒಂದೇ ಹುಳಿ ಕುದಿಯಿತು. ಇಷ್ಟು ಸಂತೋಷದ ದಿನ ಆ ಮನೆಗೆ ಹಿಂದೆ ಬಂದಿರಲಿಲ್ಲ. ಹೇಳುವಾಗ ನನಗೇ ಸಂತೋಷವಾಗುತ್ತದೆ.

ಮುಂದಿನ ವರ್ಷ ಜೌಗಿನ ಉಳಿದ ಭಾಗವನ್ನೂ ಊರವರು ಹಂಚಿಕೊಂಡರು. ಎಲ್ಲರಿಗೂ ಏರುಮಡಿ ಬೇಕಾಯಿತು. ಒಬ್ಬ ಗಂಡಸು ಉದ್ದನೆಯ ಕೋಲು ಹಿಡಿದು ದೊಡ್ಡತಾಯಿಯ ಮನೆಗೆ ಬಂದ. ನಿನ್ನ ಮಡಿಯ ಅಗಲ ಕೊಡು, ಕೋಲಿಗೆ ಗುರುತು ಹಾಕಿಕೊಳ್ಳುತ್ತೇನೆ ಎಂದ.

“ನಿಮ್ಮನೇಲಿ ಕಳೆ ಕೀಳೋರು ಯಾರಣ್ಣ?” ಎಂದಳು ಅವಳು.

“ನನ್ನ ಹೆಂಡ್ತಿ.”

“ಹಂಗಾದ್ರೆ ಕೋಲು ಮನೇಲಿಟ್ಟು ಅಕ್ಕನ್ನ ಕರ್ಕೊಂಬನ್ನಿ.”

ಆಮೇಲೆ ಆ ಊರಿನಲ್ಲಿ ಎರಡು ಮನೆಯ ಮಡಿಗಳು ಒಂದೇ ಅಗಲವಿರಲಿಲ್ಲ. ಏರಿಯ ಮೇಲೆ ನಿಂತು ನೋಡಿದರೆ ಯಾವ ಮನೆಯಾಕೆ ಎತ್ತರ, ಯಾವ ಮನೆಯಾಕೆ ಗಿಡ್ಡ ಎಂದು ಹೇಳಬಹುದಿತ್ತು. ಬೆಳೆ ಮಾತ್ರ ಎಲ್ಲ ಮಡಿಗಳಲ್ಲೂ ನಡುವಿನವರೆಗೆ ತುಂಬಿರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿದ್ದ ಅವರೆಕಾಯಿ ಮುಗಿದಿತ್ತು. ಪಂಚಾಕ್ಷರಿಯ ಮುಖ ಅರಳಿತ್ತು. ಅವನು ಬುದ್ಧಿವಂತ, ಮಾತು ಬೇಗ ಹಿಡಿಯುತ್ತಾನೆ.

“ತಿಳಿಯಿತು, ಬುದ್ಧಿ,” ಎಂದ. “ನಾನು ನನ್ನ ಕೈಯ ಮೊಳದಿಂದ ಕಟ್ಟಳೆ ಅಳೆದೆ. ಯಾರನ್ನೂ ಕಳುಹಿಸುವುದಿಲ್ಲ. ನಾಲ್ಕು ಎಂದಿರುವುದನ್ನು ಇವತ್ತೇ ಐದು ಎಂದು ತಿದ್ದುತ್ತೇನೆ.”

ಗುರುಗಳು ಸಿಪ್ಪೆಯನ್ನು ಒಂದು ಕಡೆಗೆ ಒತ್ತಿ, ಕಾಳಿನ ಮೊರವನ್ನು ಅವನ ಕೈಗೆ ಕೊಟ್ಟರು.

“ಇದನ್ನು ಅಡುಗೆಮನೆಗೆ ಕೊಟ್ಟು ಬಾ,” ಎಂದರು, “ಹಾಗೆಯೇ, ಎಲ್ಲರ ಊಟವಾದ ಮೇಲೆ ಕಡೆಯ ಪಾತ್ರೆ ತೊಳೆದಿಟ್ಟು ಕೆಂಚಮ್ಮ ಮಲಗುವುದು ಎಷ್ಟು ಗಂಟೆಗೆ, ಹೇಳು?”

ಪಂಚಾಕ್ಷರಿ ಮೊರ ಹಿಡಿದು ನಿಂತ. ಅದು ಅವನಿಗೆ ಗೊತ್ತಿರಲಿಲ್ಲ, ಕೆಂಚಮ್ಮನನ್ನೇ ಕೇಳಲು ಅಡುಗೆಮನೆಯ ಕಡೆಗೆ ಹೊರಟ.